ಮುಫ್ಲಿಸ್ ಆಟವೂ ಬಲ್ಲವನ ಋಣವೂ

ಆಟವೊಂದರಲ್ಲಿ ನಿಪುಣನಾದವನು, ಆ ನೈಪುಣ್ಯವಿಲ್ಲದವನೊಡನೆ ಹಣವನ್ನೊಡ್ಡಿ ಆಡಬಹುದೆ? ಪ್ರಶ್ನೆಯು ಮೇಲ್ನೋಟಕ್ಕೆ ಅಲ್ಪವೆನಿಸಬಹುದು. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ, ಜಡಿಮಳೆಗೆ ತೋಟದ ಕೆಲಸ ನಿಂತಾಗ ಜಗಲಿಯಲ್ಲಿ ಇಸ್ಪೀಟಿನ ಕಟ್ಟು ಬಿಚ್ಚುವ ಮನೆಗಳಿಗೆ ಇದು ದೂರದ ಮಾತಲ್ಲ. ಕೊನೆ ಕೊಯ್ಲಿಗೆ ಮೊದಲೇ ಅಡಿಕೆ ಮಂಡಿಯಿಂದ ತಂದ ಮುಂಗಡವು ಒಂದೇ ರಾತ್ರಿಯಲ್ಲಿ ಪರರ ಪಾಲಾಗಬಲ್ಲುದು. ಅದರೊಡನೆ ಮಕ್ಕಳ ವಿದ್ಯೆಗೆಂದು ತೆಗೆದಿಟ್ಟುದೂ ಹೋಗಬಲ್ಲುದು.

ಮೂರೆಲೆಯಾಟದ ಒಂದು ಭೇದಕ್ಕೆ ಮುಫ್ಲಿಸ್ ಎಂದು ಹೆಸರು. ಆ ಪದದ ಅರ್ಥವೇ ದಿವಾಳಿಯಾದವನು. ಎಲ್ಲರಿಗಿಂತ ಕೀಳಾದ ಎಲೆಗಳುಳ್ಳವನೇ ಇಲ್ಲಿ ಗೆಲ್ಲುವನು. ಮೂರು ಎಕ್ಕಗಳು ಬಂದವನು ನಿರ್ಭಾಗ್ಯನು. ಎರಡು, ಮೂರು, ಐದು ಬಂದು, ಮೂರೂ ಒಂದೇ ಜಾತಿಯವಾಗದಿದ್ದರೆ ಅವನೇ ಚಕ್ರವರ್ತಿ. ಎರಡು, ಮೂರು, ನಾಲ್ಕಾದರೆ ಸಾಲಾಗಿಬಿಡುವುದರಿಂದ ಪ್ರಯೋಜನವಿಲ್ಲ. (ಎಕ್ಕವನ್ನು ಹಿರಿದೆಂದೇ ಎಣಿಸುವ ರೂಢಿಯಂತೆ ಈ ಮಾತು.) ಪಾಶ್ಚಾತ್ಯರ ಪೋಕರಿನಲ್ಲಿಯೂ ಇಂತಹ ಭೇದಗಳುಂಟು.

ಹೊಸದಾಗಿ ಕಲಿಯುವವನು ಕೀಳಾಗುವುದು ಸುಲಭವೆಂದು ತಿಳಿಯುತ್ತಾನೆ. ಅದು ಭ್ರಮೆ. ಐವತ್ತೆರಡು ಎಲೆಗಳಲ್ಲಿ ಮೂರನ್ನು 22,100 ವಿಧವಾಗಿ ಆರಿಸಬಹುದು. ಅವುಗಳಲ್ಲಿ 16,440 ಜೋಡಿಯೂ ಸಾಲೂ ಏಕಜಾತಿಯೂ ಇಲ್ಲದ ಬಡ ಕೈಗಳು. ನಾಲ್ಕರಲ್ಲಿ ಸುಮಾರು ಮೂರು ಸಲ ಪ್ರತಿಯೊಬ್ಬನೂ ಬಡವನೇ. ಬಡವರೊಳಗೆ ಅತಿ ಬಡವನೆನಿಸುವ 2, 3, 5ರ ಕೂಟವಾದರೋ ಕೇವಲ 60 ವಿಧವಾಗಿ ಬರುತ್ತದೆ. ಮೂರೂ ಸಮನಾದ ಎಲೆಗಳು ಬರುವುದು 52 ವಿಧವಾಗಿ. ತುದಿಯ ಬಡತನವೂ ಸಿರಿಯಷ್ಟೇ ಅಪೂರ್ವವೆಂದಾಯಿತು! ರಾಜರಾಣಿಯರು ಬರಲಿಲ್ಲವೆಂದು ಹಿಗ್ಗಿ, ಗುಲಾಮ, ಒಂಬತ್ತು, ನಾಲ್ಕನ್ನು ಹಿಡಿದು ಪಣವನ್ನೇರಿಸುವ ಹೊಸಬನಿಗೆ ಈ ಲೆಕ್ಕ ತಿಳಿಯದು. ಒಂಬತ್ತನ್ನು ಮೀರದ ಬಡ ಕೈಗಳೇ 3,000 ಇವೆಯೆಂಬುದನ್ನು ಎದುರಿಗೆ ಕುಳಿತವನು ಬಲ್ಲನು.

ಬೆಲೆಗಳನ್ನು ತಲೆಕೆಳಗು ಮಾಡುವ ಈ ಚಮತ್ಕಾರವು ನಮ್ಮಲ್ಲಿ ಹೊಸದಲ್ಲ. ದಶಾವತಾರದ ಗಂಜೀಫದಲ್ಲಿ ಐದು ಅವತಾರಗಳ ಎಲೆಗಳಿಗೆ ಹತ್ತು ದೊಡ್ಡದು, ಉಳಿದೈದಕ್ಕೆ ಒಂದು ದೊಡ್ಡದು. ರಾಜನೂ ಮಂತ್ರಿಯೂ ಮಾತ್ರ ಎಲ್ಲಿಯೂ ತಮ್ಮ ಪೀಠವನ್ನು ಬಿಟ್ಟುಕೊಡರು. ಮುಫ್ಲಿಸಿನಲ್ಲಿ ರಾಜನಿಗೂ ಆ ರಿಯಾಯಿತಿಯಿಲ್ಲ. ಶಾರದಾಪೀಠದ ನೆರೆಯಲ್ಲಿ ಬಾಳುವವರಿಗೆ ಉಪಾಧಿಯೆಂಬ ಮಾತನ್ನು ವಿವರಿಸಬೇಕಾಗಿಲ್ಲ: ಎಲೆಯ ಹಿರಿಮೆಯು ಎಲೆಯದಲ್ಲ, ನಿಯಮವು ಆರೋಪಿಸಿದುದು. ಆದರೆ ನಡುವೆ ಬಿದ್ದ ಹಣದ ಬೆಲೆಯನ್ನು ಯಾವ ನಿಯಮವೂ ತಲೆಕೆಳಗು ಮಾಡಿಲ್ಲ.

ನ್ಯಾಯಾಲಯಗಳ ದೃಷ್ಟಿ ಬೇರೆ. 1967ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ರಮ್ಮಿಯಲ್ಲಿ ಕುಶಲತೆಯೇ ಪ್ರಧಾನವೆಂದೂ ಮೂರೆಲೆಯಾಟವು ಕೇವಲ ಅದೃಷ್ಟದ್ದೆಂದೂ ಹೇಳಿತು. ಕರ್ನಾಟಕದ 2021ರ ಪೊಲೀಸ್ ತಿದ್ದುಪಡಿ ಶಾಸನದ ವಿಧಿಗಳನ್ನು 2022ರಲ್ಲಿ ಉಚ್ಚ ನ್ಯಾಯಾಲಯವು ರದ್ದುಗೊಳಿಸಿದುದೂ ಬಹುಮಟ್ಟಿಗೆ ಈ ಭೇದವನ್ನು ಹಿಡಿದೇ. ಅಂತರ್ಜಾಲದ ಹಣದಾಟಗಳ ಮಟ್ಟಿಗೆ 2025ರ ಕೇಂದ್ರ ಶಾಸನವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕುಶಲತೆಯಿದ್ದರೆ ನಿರ್ದೋಷ, ಅದೃಷ್ಟವಾದರೆ ಜೂಜು ಎಂಬ ಗೆರೆಯು ಶಾಸನಕ್ಕೆ ಸಾಕಾಗಬಹುದು. ನೀತಿಗೆ ಅದು ತಿರುಗುಮುರುಗು. ಬರಿಯ ಅದೃಷ್ಟದ ಮುಂದೆ ಇಬ್ಬರೂ ಸಮಾನರು. ಒಬ್ಬನು ಕಲಿತು, ಇನ್ನೊಬ್ಬನು ಕಲಿಯದಿದ್ದಲ್ಲಿ ಆ ಸಮಾನತೆಯು ಕೆಟ್ಟಿತು. ಸೋತವನು ತಾನಾಗಿ ಬಂದು ಕುಳಿತನಲ್ಲ ಎನ್ನುವರು. ನಿಜ, ಆದರೆ ಅವನು ಒಪ್ಪಿದುದು ದೈವದ ಪರೀಕ್ಷೆಗೆ, ಬಲ್ಲವನ ಬೇಟೆಗಲ್ಲ. ಹುಣಿಸೆಬೀಜವನ್ನೊಡ್ಡಿ ಕಲಿಸುವುದು ವಿದ್ಯಾದಾನ. ಅದೇ ವಿದ್ಯೆಯನ್ನು ಬಚ್ಚಿಟ್ಟುಕೊಂಡು ಬೆಳ್ಳಿಯನ್ನು ಗೆಲ್ಲುವುದಕ್ಕೆ ಬೇರೆ ಹೆಸರು ಬೇಕು.

ಕಲಿಯುವುದೇ ತಪ್ಪೆಂದಾದರೆ ನಳನನ್ನೂ ದೂಷಿಸಬೇಕಾದೀತು. ವಿದರ್ಭದ ದಾರಿಯಲ್ಲಿ ಋತುಪರ್ಣನು ವಿಭೀತಕ ವೃಕ್ಷವೊಂದರ ಎಲೆ ಕಾಯಿಗಳ ಲೆಕ್ಕವನ್ನು ಕಂಡಮಾತ್ರದಲ್ಲಿ ಹೇಳಿದನು. ಈ ಮಲೆನಾಡಿನ ಕಾಡುಗಳಲ್ಲಿ ತಾರೆಯೆಂದು ಕರೆಯುವ ಮರವೇ ಅದು. ಪ್ರಾಚೀನರಿಗೆ ಅದರ ಕಾಯಿಗಳೇ ದಾಳ. ರಾಜ್ಯವನ್ನು ಜೂಜಿನಲ್ಲಿ ಕಳೆದುಕೊಂಡಿದ್ದ ನಳನು ಕಾಯಿಗಳನ್ನೆಣಿಸಿ ಬೆರಗಾಗಿ, ತನ್ನ ಅಶ್ವವಿದ್ಯೆಯನ್ನು ಕೊಟ್ಟು ಅಕ್ಷಹೃದಯವನ್ನು ಪಡೆದನು. ಮರಳಿ ಬಂದು ಪುಷ್ಕರನನ್ನು ಗೆದ್ದನು. ಗೆದ್ದ ಮೇಲೆ ಅವನಿಗೆ ಪ್ರಾಣವನ್ನೂ ಅವನ ಪಾಲನ್ನೂ ಕೊಟ್ಟು ಕಳುಹಿದನು. ಶಕುನಿಯೂ ಬಲ್ಲವನೇ. ಧರ್ಮರಾಯನಿಗೆ ದ್ಯೂತದಲ್ಲಿ ಪ್ರೀತಿಯುಂಟು, ಆಡಲು ತಿಳಿಯದು ಎಂದು ದುರ್ಯೋಧನನ ಮುಂದೆ ತೂಕಹಾಕಿ ನೋಡಿಯೇ ಅವನು ಆಹ್ವಾನವನ್ನು ಹೂಡಿದನು. ವಿದ್ಯೆಯಲ್ಲಿ ಇವರಿಬ್ಬರಿಗೆ ಭೇದವಿಲ್ಲ.

ನಳನ ಕಥೆಯನ್ನು ಹೇಳಿದ ಬೃಹದಶ್ವ ಋಷಿಯಿಂದಲೇ ಧರ್ಮರಾಯನು ವನವಾಸದಲ್ಲಿ ಅಕ್ಷಹೃದಯವನ್ನು ಕಲಿತನು. ಬಳಿಕ ಕಂಕನೆಂಬ ಹೆಸರಿನಿಂದ ವಿರಾಟನ ಸಭೆಯನ್ನು ಸೇರಿ, ಆ ದೊರೆಯೊಡನೆ ನಿತ್ಯವೂ ಆಡಿದನು. ಎದುರಿಗಿರುವವನಾರೆಂಬುದು ವಿರಾಟನಿಗೆ ತಿಳಿಯದು. ಅವನಿಂದ ಗೆದ್ದ ದ್ರವ್ಯವನ್ನು ಅವನರಿಯದಂತೆ ತಮ್ಮಂದಿರಿಗೆ ಹಂಚುತ್ತಿದ್ದನೆಂದು ವ್ಯಾಸರು ಹೇಳಿ, ಆ ವಿಷಯದಲ್ಲಿ ಮತ್ತೊಂದು ಮಾತನ್ನೂ ಆಡದೆ ಮುಂದಕ್ಕೆ ಹೋಗುತ್ತಾರೆ.