ಬೆಣ್ಣೆ ಚಾವಡಿಯಿಂದ ಫಿರಂಗಿ ಕಾರ್ಖಾನೆಗೆ

1799ರ ಮೇ 4ರಂದು ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದ ಬ್ರಿಟಿಷರು ಕೋಟೆಯಲ್ಲಿ ಸಿಕ್ಕಿದ್ದನ್ನೆಲ್ಲ ಎಣಿಸಿ ಪಟ್ಟಿ ಮಾಡಿದರು. ಅದರಲ್ಲಿ 929 ಫಿರಂಗಿಗಳಿದ್ದವು. ಬಂದೂಕು, ಗುಂಡು, ಮದ್ದಿನ ಲೆಕ್ಕದ ಜೊತೆಗೆ ಫಿರಂಗಿ ಎರಕ ಹೊಯ್ಯುವ ಕಾರ್ಖಾನೆಯೂ ಫಿರಂಗಿಯ ಕೊಳವೆ ಕೊರೆಯುವ ಯಂತ್ರಗಳೂ ದಾಖಲಾದವು. ಅಲ್ಲೇ ಎರಕಗೊಂಡ ಕಂಚಿನ ಫಿರಂಗಿಗಳ ಮೇಲೆ ಹುಲಿಯ ಮುಖ, ಹುಲಿಯ ಪಟ್ಟೆ. ಅಂಥ ಕೆಲವು ಇಂದು ಇಂಗ್ಲೆಂಡ್, ವೇಲ್ಸ್‌ಗಳ ಸಂಗ್ರಹಾಲಯಗಳಲ್ಲಿವೆ. ಅವನ್ನು ಎರೆದ ಕೈಗಳ ನೈಪುಣ್ಯ ಈಗಲೂ ಬೆರಗು ಹುಟ್ಟಿಸುತ್ತದೆ.

ಮರುವರ್ಷ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಒಂದು ಸಂಗತಿ ಬರೆದಿದ್ದಾನೆ. ಫಿರಂಗಿ ಕೊರೆಯಲು ಫ್ರೆಂಚ್ ಕುಶಲಕರ್ಮಿಯೊಬ್ಬ ನೀರಿನ ಬಲದಿಂದ ತಿರುಗುವ ಯಂತ್ರ ಕಟ್ಟಿಕೊಟ್ಟಿದ್ದನಂತೆ. ಟಿಪ್ಪು ಆ ನೀರಿನ ಚಕ್ರವನ್ನು ತೆಗೆಸಿ ಎತ್ತುಗಳನ್ನು ಹೂಡಿಸಿದನಂತೆ. ಬುಕಾನನ್‌ಗೆ ಇದು ಯಂತ್ರದ ಬೆಲೆ ತಿಳಿಯದವನ ಕೆಲಸವಾಗಿ ಕಂಡಿತು. ನನಗೆ ಹಾಗನ್ನಿಸುವುದಿಲ್ಲ. ತನ್ನ ನಾಡಿನಲ್ಲಿ ಯಾವ ಬಲವನ್ನು ನೆಚ್ಚಬಹುದೆಂದು ಸುಲ್ತಾನನಿಗೆ ಚೆನ್ನಾಗಿ ಗೊತ್ತಿತ್ತು. ಗಾಣಕ್ಕೆ ಕಟ್ಟಿದಂತೆ ಎತ್ತುಗಳು ಸುತ್ತಿದವು, ಕಂಚಿನ ದಿಂಡು ಒಳಗೊಳಗೇ ಟೊಳ್ಳಾಗುತ್ತ ಬಂತು. ಹೀಗೆ ಕೊರೆದು ಮುಗಿಸಿದ ಫಿರಂಗಿಯನ್ನು ರಣರಂಗಕ್ಕೆ ಎಳೆದೊಯ್ಯುವುದೂ ಎತ್ತುಗಳ ಪಾಲಿಗೇ ಬರುತ್ತಿತ್ತು.

ಆ ಎತ್ತುಗಳು ಬೆಳೆದದ್ದು ನಮ್ಮ ಬಯಲುಗಳಲ್ಲಿ. ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಉದ್ದಕ್ಕೂ ಅರಸರ ದನಗಳಿಗೆ ಮೀಸಲಾದ ಅಮೃತಮಹಲ್ ಕಾವಲುಗಳು ಹಬ್ಬಿದ್ದವು. ಅರಸೀಕೆರೆ ಸೀಮೆಯ ಹುಲ್ಲುಗಾವಲೂ ಅವುಗಳ ಒಂದು ಭಾಗ. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲು. ಋತು ತಿರುಗಿದಂತೆ ಮಂದೆಯೂ ತಿರುಗುತ್ತಿತ್ತು. ಮೈಸೂರು ಒಡೆಯರ ಕಾಲದಲ್ಲಿ ಈ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರು. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದು ಅದರ ಕೆಲಸ. ಹೈದರಾಲಿ ಆ ತಳಿಯ ಎತ್ತುಗಳನ್ನು ದಂಡಿಗೆ ತಿರುಗಿಸಿಕೊಂಡ. ಟಿಪ್ಪು ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು, ಕಟ್ಟುಪಾಡು ಮಾಡಿ ಬೆಳೆಸಿದ. ಹಾಲು ಕೊಟ್ಟ ಕೊಟ್ಟಿಗೆಯೇ ಫಿರಂಗಿಯ ಬಲವೂ ಆಯಿತು.

ನನ್ನನ್ನು ಕಾಡುವುದು ಇದೇ. ಯುದ್ಧಕ್ಕೆ ಕೆಟ್ಟ ಪದಾರ್ಥ ಬೇಡ. ಗಂಟೆಗೂ ದೇವರ ವಿಗ್ರಹಕ್ಕೂ ಸಲ್ಲುವ ತಾಮ್ರ, ತವರ ಅದಕ್ಕೆ ಬೇಕು. ಅಚ್ಚು ಕಟ್ಟಿ ನುರಿತ ಕೈ ಬೇಕು. ಕರುವಾಗಿದ್ದಾಗಿನಿಂದ ಮೈತಡವಿ, ಹೆಸರಿಟ್ಟು ಕರೆದು ಸಾಕಿದ ಎತ್ತು ಬೇಕು. ಮಳೆ ನೋಡಿ ಮಂದೆ ಹೊಡೆದ ದನಗಾಹಿ ಯಾರ ಮೇಲೂ ಗುಂಡು ಹಾರಿಸಿದವನಲ್ಲ. ಅವನ ಅಕ್ಕರೆಯಿಲ್ಲದೆ ಗುಂಡು ಹಾರುತ್ತಲೂ ಇರಲಿಲ್ಲ. ಈ ಪಾಲುಗಾರಿಕೆಗೆ ಅವನನ್ನು ದೂರುವಂತಿಲ್ಲ. ಅವನ ಅಕ್ಕರೆಯನ್ನು ಕೇಳದೆ ಎತ್ತಿಕೊಂಡ ಅಧಿಕಾರವನ್ನು ಮಾತ್ರ ಕೇಳಲೇಬೇಕು.

ಅರಸು ಬದಲಾದರೂ ಕೆಲಸ ನಿಲ್ಲಲಿಲ್ಲ. ಹತ್ತೊಂಬತ್ತನೆಯ ಶತಮಾನ ಕಾಲಿಟ್ಟಾಗ ಶ್ರೀರಂಗಪಟ್ಟಣದಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಫಿರಂಗಿ ಬಂಡಿಗಳು ತಯಾರಾಗುತ್ತಿದ್ದವು. ಸುಲ್ತಾನನ ಎತ್ತುಗಳು ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ದಂಡಿಗೆ ಸೇರಿದವು; 1800ರಲ್ಲಿ ದಂಗೆಯೆದ್ದ ಧೋಂಡಿಯಾ ವಾಘನ ಬೆನ್ನಟ್ಟಿದವು, 1803ರಲ್ಲಿ ಮರಾಠರ ಮೇಲೆ ನಡೆದವು. ಆ ವರ್ಷದ ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಮರಾಠಾ ದೊರೆ ಸಿಂಧಿಯಾನ ಫಿರಂಗಿಗಳ ಹೊಡೆತಕ್ಕೆ ನೊಗದಲ್ಲಿದ್ದ ಎತ್ತುಗಳು ಸಾಲುಸಾಲಾಗಿ ಉರುಳಿದವು. ಎಳೆಯುವವರಿಲ್ಲದೆ ವೆಲ್ಲೆಸ್ಲಿ ಫಿರಂಗಿಗಳನ್ನು ಹಿಂದೆ ಬಿಟ್ಟು ಕಾಲಾಳುಗಳನ್ನು ಮುಂದಕ್ಕೆ ನಡೆಸಿದ. ಗೆಲುವಿನ ಹೆಸರು ಅವನಿಗೆ ಬಂತು.

ದನವನ್ನು ಕಲ್ಲಿನಲ್ಲಿ ನೆನೆಯುವುದು ಈ ನಾಡಿಗೆ ಗೊತ್ತಿತ್ತು. ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರನ ಎದುರು ಮಂಟಪಗಳಲ್ಲಿ ಕುಳಿತ ಎರಡು ದೊಡ್ಡ ನಂದಿಗಳನ್ನು ನೋಡಿಯೇ ಇರುತ್ತಾರೆ. ಕೊರಳ ಸರ, ಗೆಜ್ಜೆಗಳನ್ನು ಶಿಲ್ಪಿ ಎಷ್ಟು ಮುದ್ದಿನಿಂದ ಬಿಡಿಸಿದ್ದಾನೆ! ಬೇಲೂರು, ಅರಸೀಕೆರೆಗಳ ಸುತ್ತಲಿನ ಊರುಗಳಲ್ಲಿ ವೀರಗಲ್ಲುಗಳಿವೆ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಮಡಿದವರಿಗೆ ಕಲ್ಲು ನಿಲ್ಲಿಸುವುದು ಈ ನಾಡಿನ ಹಳೆಯ ರೂಢಿ. ಆ ಕಾಲವೂ ನೆತ್ತರು ಕಂಡ ಕಾಲವೇ, ಅದನ್ನು ಚಿನ್ನದ ಯುಗವೆಂದು ನಾನು ಹೇಳಲಾರೆ. ಆದರೂ ದನಕ್ಕಾಗಿ ಮನುಷ್ಯ ಸತ್ತದ್ದಕ್ಕೆ ಕಲ್ಲಿನ ಸಾಕ್ಷಿಯಿದೆ. ಮನುಷ್ಯರ ಜಗಳದಲ್ಲಿ ಸತ್ತ ದನಕ್ಕೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

1860ರಲ್ಲಿ ಮದ್ರಾಸ್ ಸರ್ಕಾರ ಖರ್ಚು ಉಳಿಸಲೆಂದು ಅಮೃತಮಹಲ್‌ನ ಇಡೀ ಮಂದೆಯನ್ನೇ ಮಾರಿಬಿಟ್ಟಿತು. ಬೇಗನೆ ತಪ್ಪಿನ ಅರಿವಾಗಿ 1866ರಲ್ಲಿ ಅಳಿದುಳಿದವನ್ನು ಕೂಡಿಸಿ ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಇಲಾಖೆ ಮೈಸೂರಿಗೆ ಮರಳಿತು. ಫಿರಂಗಿಗೆ ಎತ್ತು ಬೇಡವಾದ ಮೇಲೆ ಕಾವಲಿಗೂ ಗೌರವ ತಪ್ಪಿತು. ಸಾಗುವಳಿಗೆ, ನೆಡುತೋಪಿಗೆ, ಸೈಟುಗಳಿಗೆ ಹುಲ್ಲು ಕರಗುತ್ತ ಬಂತು. ಚಳ್ಳಕೆರೆಯಲ್ಲಂತೂ ಸುಮಾರು 10,000 ಎಕರೆ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳ ಪಾಲಾಯಿತು; ಅಲ್ಲೀಗ ಚಾಲಕರಹಿತ ವಿಮಾನಗಳ ಪರೀಕ್ಷೆ ನಡೆಯುತ್ತದೆ. ದೇಶಕ್ಕೆ ರಕ್ಷಣೆ ಬೇಡವೆಂದು ನಾನು ವಾದಿಸುತ್ತಿಲ್ಲ. ಆದರೆ ಅದೇ ಹುಲ್ಲನ್ನು ನಂಬಿದ್ದ ಕುರಿಗಾರರು, ದನಗಾಹಿಗಳು ತಮ್ಮನ್ನು ಒಂದು ಮಾತೂ ಕೇಳಲಿಲ್ಲವೆಂದು ಹಸಿರು ನ್ಯಾಯಪೀಠದವರೆಗೆ ಹೋಗಬೇಕಾಯಿತು. ಇನ್ನೂರು ವರ್ಷವಾದರೂ ಕೇಳದೆ ಎತ್ತಿಕೊಳ್ಳುವ ಅಭ್ಯಾಸ ಹೋಗಿಲ್ಲ.

ಅಜ್ಜಂಪುರದ ಸರ್ಕಾರಿ ತಳಿ ಕೇಂದ್ರದಲ್ಲಿ ಅಮೃತಮಹಲ್ ದನಗಳು ಇಂದಿಗೂ ಇವೆ. ನೀಳ ಕೊಂಬು, ಬೂದು ಮೈ, ಹೊಸಬರನ್ನು ಹತ್ತಿರ ಬಿಡದ ಬಿಂಕ. ಅರಸೀಕೆರೆ ಸೀಮೆಯ ಹಳ್ಳಿಯವರಲ್ಲಿ ನನ್ನದೊಂದು ಕೋರಿಕೆ: ನಿಮ್ಮ ಊರಿನ ಪಹಣಿಯಲ್ಲಿ ಅಮೃತಮಹಲ್ ಕಾವಲು ಎಂದು ಬರೆದ ಸರ್ವೆ ನಂಬರು ಇದೆಯೇ ನೋಡಿ. ಇದ್ದರೆ ಗ್ರಾಮಸಭೆಯಲ್ಲಿ ಅದರ ವಿಸ್ತೀರ್ಣವನ್ನು ಗಟ್ಟಿಯಾಗಿ ಓದಿಸಿ, ಒತ್ತುವರಿಯಾಗಿದ್ದರೆ ತಹಸೀಲ್ದಾರರಿಗೆ ಅರ್ಜಿ ಕೊಡಿ. ಉಳಿದ ಹುಲ್ಲನ್ನು ದನಕ್ಕೇ ಬಿಡಿಸಿಕೊಡಿ.