ಇಲ್ಲದ ಪ್ರಾಣಿಯ ಮೈಬಣ್ಣ

ಹದ್ದಿನ ತಲೆ, ಹದ್ದಿನ ರೆಕ್ಕೆ, ಹಿಂದಿನ ಅರ್ಧ ಸಿಂಹ. ಗ್ರಿಫಿನ್ ಎಂಬ ಈ ಪ್ರಾಣಿಯನ್ನು ಯಾರೂ ಕಂಡವರಿಲ್ಲ. ಆದರೂ ಬಣ್ಣ ಹಚ್ಚಲು ಕೂತರೆ, ಮನಸ್ಸಿಗೆ ಬಂದಂತೆ ಹಚ್ಚಲು ಕೈ ಒಪ್ಪುವುದಿಲ್ಲ.

ವಾರ್‌ಹ್ಯಾಮರ್ ಎಂಬುದು 1983ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ, ಮೇಜಿನ ಮೇಲೆ ಆಡುವ ಯುದ್ಧದಾಟ. ಅದರ ಸೈನಿಕ ಸುಮಾರು 28 ಮಿಲಿಮೀಟರ್ ಎತ್ತರ. ಗ್ರಿಫಿನ್ ಆದರೆ ಅಂಗೈ ತುಂಬುತ್ತದೆ. ಪೆಟ್ಟಿಗೆಯಲ್ಲಿ ಬರುವುದು ಬರೀ ಬೂದು ಪ್ಲಾಸ್ಟಿಕ್ ತುಂಡುಗಳು. ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ ಪಡೆ ಕಟ್ಟುವವರು ಆಡುವವರೇ. ಆಡಲೆಂದು ಬಂದು ಬಣ್ಣದಲ್ಲೇ ಉಳಿದುಬಿಟ್ಟವರು ಎಷ್ಟೋ ಜನ. ನಾನೂ ಅವರ ಪೈಕಿ.

ಕೆಲಸ ಶುರುವಾಗುವುದು ಕತ್ತಲಿನಿಂದ. ಮೊದಲು ಇಡೀ ಮೈಗೆ ಕಪ್ಪು ಪ್ರೈಮರ್ ಸ್ಪ್ರೇ ಮಾಡಬೇಕು. ಅದು ಒಣಗಿದ ಮೇಲೆ ಬಿಳಿ, ನೆತ್ತಿಯ ನೇರದಿಂದ ಮಾತ್ರ. ಬಿಸಿಲು ಬೀಳಬಹುದಾದಲ್ಲೆಲ್ಲ ಬೆಳ್ಳಗಾಗುತ್ತದೆ, ಹೊಟ್ಟೆಯಡಿ ಕಪ್ಪು ಉಳಿಯುತ್ತದೆ. ಆಮೇಲೆ ನೀರಾಗಿಸಿದ ಕಂದು ಬಣ್ಣವನ್ನು ಹರಿಯಬಿಟ್ಟರೆ ಅದು ತಾನಾಗಿಯೇ ಗರಿಗಳ ಸಂದಿಗಿಳಿದು ನಿಲ್ಲುತ್ತದೆ. ಬಣ್ಣ ಒರೆಸಿದ ಒಣ ಕುಂಚವನ್ನು ತುಪ್ಪಳದ ಮೇಲೆ ಸವರಿದರೆ ಉಬ್ಬಿದ ಎಳೆಗಳಷ್ಟೇ ಎದ್ದು ಕಾಣುತ್ತವೆ. ಇಷ್ಟು ಪುಟ್ಟ ಮೈಮೇಲೆ ಕೋಣೆಯ ದೀಪ ಮೂಡಿಸುವ ನೆರಳು ಸಾಲದು. ಮೇಜಿನಾಚೆಯಿಂದ ನೋಡಿದರೆ ಎಲ್ಲ ಚಪ್ಪಟೆ. ಹಾಗಾಗಿ ನೆರಳನ್ನೂ ಬರೆದೇ ತೋರಿಸಬೇಕು.

ಈಗ ನಿಜವಾದ ಸಿಂಹವನ್ನು ನೋಡಿ. ಬೆನ್ನು ಗಾಢ, ಹೊಟ್ಟೆ ತಿಳಿ. ಜಿಂಕೆಯೂ ಹಾಗೆ, ಬಂಗುಡೆಯೂ ಹಾಗೆ. ಅಬಟ್ ಥೇಯರ್ ಎಂಬ ಅಮೆರಿಕದ ಚಿತ್ರಕಾರ 1896ರಲ್ಲಿ ಇದರ ಗುಟ್ಟನ್ನು ಬಿಡಿಸಿಟ್ಟ. ಬಿಸಿಲು ಬೆನ್ನನ್ನು ಬೆಳಗಿಸಿ ಹೊಟ್ಟೆಯನ್ನು ನೆರಳಿಗೆ ತಳ್ಳುತ್ತದೆ. ಮೈಬಣ್ಣ ಅದಕ್ಕೆ ತದ್ವಿರುದ್ಧವಾಗಿದ್ದರೆ ಒಂದನ್ನೊಂದು ಅಳಿಸಿ, ದುಂಡನೆಯ ಮೈ ಚಪ್ಪಟೆಯಾಗಿ ಕಂಡು ಹಿನ್ನೆಲೆಯಲ್ಲಿ ಕರಗುತ್ತದೆ. ಆಫ್ರಿಕದಲ್ಲಿ ಅಂಗಾತ ಈಜುವ ಒಂದು ಪುಟ್ಟ ಮೀನಿದೆ. ಅದಕ್ಕೆ ಹೊಟ್ಟೆಯೇ ಕಪ್ಪು!

ಇದನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ಕುಂಚ ಹಿಡಿದು ನಾವು ಮಾಡುವ ಕೆಲಸವನ್ನೇ ಕಾಡು ಯಾವ ಕಾಲದಿಂದಲೋ ಮಾಡುತ್ತ ಬಂದಿದೆ, ತಿರುವುಮುರುವಾಗಿ. ನನ್ನ ಗ್ರಿಫಿನ್‌ಗೆ ಎರಡೂ ಬೇಕೆನಿಸಿತು. ಬದುಕುವ ಪ್ರಾಣಿಗೆ ಇರಬೇಕಾದಂತೆ ಹೊಟ್ಟೆಗೆ ಮೊದಲು ತಿಳಿ ಕೆನೆಬಣ್ಣ ಹಚ್ಚಿದೆ. ಆಮೇಲೆ, ನೋಡುವ ಕಣ್ಣಿಗಾಗಿ, ಅದರ ಮೇಲೊಂದು ತೆಳು ನೆರಳು ಇಳಿಸಿದೆ.

ಅಲ್ಲಿಗೂ ಮುಗಿಯಲಿಲ್ಲ. ಇದರ ವಯಸ್ಸೆಷ್ಟು? ಎಳೆಯ ಗೋಲ್ಡನ್ ಈಗಲ್ ಹದ್ದಿನ ರೆಕ್ಕೆಯಲ್ಲಿ ಬಿಳಿ ಮಚ್ಚೆ ಇರುತ್ತದೆ. ಅದು ಪೂರ್ತಿ ಮಾಯವಾಗಲು ಐದು ವರ್ಷದ ಹತ್ತಿರ ಬೇಕು. ಸಿಂಹದ ಮರಿಗೆ ಮೈತುಂಬ ಚುಕ್ಕೆ. ಅವು ಬೆಳೆದಂತೆ ಮಾಸುತ್ತವೆ, ಕೆಲವು ಸಿಂಹಿಣಿಯರ ಕಾಲು, ಹೊಟ್ಟೆಗಳಲ್ಲಿ ಮಸುಕಾಗಿ ಉಳಿಯುವುದೂ ಉಂಟು. ನಾಲ್ಕು ವರ್ಷಕ್ಕೆ ಸಿಂಹ ಪ್ರಾಯಕ್ಕೆ ಬಂದಿರುತ್ತದೆ, ಹದ್ದಿನ ಗರಿ ಇನ್ನೂ ಎಳೆಯದೇ. ಹಾಗಾದರೆ ಆ ವಯಸ್ಸಿನ ಗ್ರಿಫಿನ್ ಹಿಂದಿನಿಂದ ಬೆಳೆದದ್ದು, ಮುಂದಿನಿಂದ ಮರಿ!

ನನ್ನದಕ್ಕೆ ಅದೇ ವಯಸ್ಸು ಕೊಟ್ಟಿದ್ದೇನೆ. ತೊಡೆಯ ಮೇಲೆ ಮಾಸಿದ ಚುಕ್ಕೆಗಳು, ರೆಕ್ಕೆಯಡಿ ಅಚ್ಚಬಿಳಿ. ಹದ್ದಿನ ಮರಿಗೆ ಬಾಲದ ಬುಡದಲ್ಲೂ ಬಿಳಿ ಇರುತ್ತದೆ, ಅದನ್ನು ಮಾತ್ರ ಬಿಡಬೇಕಾಯಿತು. ಈ ಬಾಲ ಸಿಂಹದ್ದು.