ಸಾಕು

ಕನ್ನಡದಲ್ಲಿ ‘ಸಾಕು’ ಎಂಬ ಮಾತಿಗೆ ಎರಡು ಅರ್ಥ. ಮಗುವನ್ನು ಸಾಕು, ಹಸುವನ್ನು ಸಾಕು ಎನ್ನುವಾಗ ಅದು ಪೋಷಿಸು ಎಂದಾಗುತ್ತದೆ. ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು, ಸಾಕು’ ಎಂದಾಗ ಇನ್ನು ಬೇಡ ಎಂದಾಗುತ್ತದೆ. ನಾನಾರ್ಥಗಳ ಪಾಠ ಬಂದಾಗಲೆಲ್ಲ ಮಕ್ಕಳಿಗೆ ನಾನು ಕೊಡುವ ಉದಾಹರಣೆ ಇದು. ಈ ಎರಡು ಅರ್ಥಗಳಿಗೆ ಒಳಗೊಳಗೇ ಏನಾದರೂ ನಂಟಿರಬಹುದೇ ಎಂದು ಯೋಚಿಸುವಂತೆ ಮಾಡಿದ್ದು ಮಾತ್ರ ಒಂದು ಗಿಡ.

ಅದು ಹೂಜಿ ಗಿಡ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಕೀಟಾಹಾರಿ ಸಸ್ಯಗಳ ಪಾಠದಲ್ಲಿ ಅದರ ಚಿತ್ರವನ್ನು ನೀವೂ ನೋಡಿರುತ್ತೀರಿ. ಎಲೆಯ ನಡುನರ ಎಲೆಯನ್ನು ದಾಟಿ ಕುಡಿಬಳ್ಳಿಯಂತೆ ಮುಂದಕ್ಕೆ ಬೆಳೆಯುತ್ತದೆ. ಅದರ ತುದಿ ಉಬ್ಬಿ, ಮುಚ್ಚಳವಿರುವ ಪುಟ್ಟ ಹೂಜಿಯಾಗುತ್ತದೆ. ಅಂಚಿನಲ್ಲಿ ಸಿಹಿ, ಒಳಗೋಡೆಯಲ್ಲಿ ಜಾರಿಕೆ, ತಳದಲ್ಲಿ ಜೀರ್ಣರಸ. ಸಿಹಿಗೆಂದು ಬಂದ ಇರುವೆ ಕಾಲು ಜಾರಿತೆಂದರೆ ಮುಗಿಯಿತು.

ಅಗ್ರಹಾರದಲ್ಲಿ ನಮ್ಮ ಮನೆಗೆ ಎರಡು ಬೀದಿ ಆಚೆ, ರಾಮಾನುಜ ರಸ್ತೆಯ ಕಡೆಗೆ ನನ್ನ ತಂಗಿಯ ಮನೆ. ಕಂಪ್ಯೂಟರ್ ಕೆಲಸದಲ್ಲಿರುವ ಅವಳ ಮಗ ಈ ಗಿಡವನ್ನು ತರಿಸಿದ. ಅಂಗಾಂಶ ಕೃಷಿಯಲ್ಲಿ ಬೆಳೆಸಿದ, ಅಂಗೈಯಗಲದ ಸಸಿ. ಬೋರ್ನಿಯೋ ಮುಂತಾದ ದ್ವೀಪಗಳ ಎತ್ತರದ ಬೆಟ್ಟಗಳಲ್ಲಿ, ಮಂಜಿನೊಳಗೆ ಬದುಕುವ ಜಾತಿ. ತಂಗಿಯ ಅತ್ತೆಯವರು ನೋಡಿದವರೇ, ‘ಹುಳ ತಿನ್ನೋ ಗಿಡ ಮಡಿ ಮನೆಯೊಳಗೆ ಯಾಕೆ?’ ಎಂದು ಮುಖ ತಿರುಗಿಸಿದರು. ನಾನು ತರಗತಿಯಲ್ಲಿ ಈ ಸಂಗತಿ ಹೇಳಿದಾಗ ಒಬ್ಬ ಹುಡುಗಿ, ‘ಮಿಸ್, ಹಾಗಾದ್ರೆ ಅದು ನಾನ್‌ವೆಜ್ಜಾ?’ ಎಂದಳು. ಎಲ್ಲರೂ ನಕ್ಕರು. ಪ್ರಶ್ನೆ ನಗುವಂಥದ್ದೇನಲ್ಲ. ಆದರೆ ಗೋಡೆಯ ಮೇಲಿನ ಹಲ್ಲಿ ನೊಣ ಹಿಡಿದರೆ ನಾವು ಹಲ್ಲಿಯ ಆಚಾರ ವಿಚಾರಿಸುವುದಿಲ್ಲ. ಗಿಡ ತನ್ನ ಪಾಡಿಗೆ ತಾನು ಬದುಕುತ್ತದೆ. ಪಾಪಪುಣ್ಯದ ಲೆಕ್ಕ ಸಾಕುವವರಿಗೇ ಹೊರತು ಅದಕ್ಕಲ್ಲ. ನನ್ನನ್ನು ಕಾಡಿದ್ದು ಆ ಲೆಕ್ಕ.

ನಮ್ಮ ಮನೆಗಳಲ್ಲಿ ಪ್ರೀತಿ ಎಂದರೆ ಬಡಿಸುವುದು. ಬೇಡ ಎಂದವರ ಎಲೆಗೂ ಇನ್ನೊಂದು ಸೌಟು ಹಾಕಿದರೇ ನಮಗೆ ಸಮಾಧಾನ. ತಂಗಿಯೂ ತನ್ನ ಗುಲಾಬಿಗೆ ಮಾಡುವ ಉಪಚಾರವನ್ನೆಲ್ಲ ಇದಕ್ಕೂ ಮಾಡಹೊರಟಳು. ಅಕ್ಕಿ ತೊಳೆದ ನೀರು, ಹಿಂಡಿ, ಒಂದು ಹಿಡಿ ಕೊಟ್ಟಿಗೆ ಗೊಬ್ಬರ. ಮಗ ಹೌಹಾರಿದ. ಈ ಗಿಡದ ಬೇರಿಗೆ ಗೊಬ್ಬರ ಕೂಡದು, ಉಪ್ಪಿನಂಶವಿರುವ ನಲ್ಲಿ ನೀರೂ ಕೂಡದು. ಮಳೆನೀರೇ ಆಗಬೇಕು, ಮಣ್ಣಿನ ಬದಲು ಪಾಚಿ, ತೆಂಗಿನ ನಾರು. ಸಾರವಿಲ್ಲದ ನೆಲದಲ್ಲಿ ಹುಟ್ಟಿದ್ದರಿಂದಲೇ ಅದು ಹೂಜಿ ಕಟ್ಟುವುದನ್ನು ಕಲಿತದ್ದು. ಮಣ್ಣಿನಲ್ಲಿ ಸಿಗದ ಸಾರಜನಕವನ್ನು ಹುಳುಗಳಿಂದ ಪಡೆಯುತ್ತದೆ. ಬೇರಿಗೆ ಧಾರಾಳವಾಗಿ ಉಣಿಸಿದರೆ ಬೇರು ಸುಡುತ್ತದೆ, ಇಲ್ಲವೇ ಎಲೆ ಮಾತ್ರ ಹುಲುಸಾಗಿ ಹೂಜಿ ನಿಂತುಹೋಗುತ್ತದೆ. ಅತಿಯಾಗಿ ಉಪಚಾರ ಮಾಡಿ ಕೈಲಾಗದವರನ್ನಾಗಿ ಬೆಳೆಸಿದ ಗಂಡುಮಕ್ಕಳು ನಿಮ್ಮ ಬಳಗದಲ್ಲೂ ಇರಬಹುದು. ಸಾಕುವುದರಲ್ಲಿ ಸಾಕೆನ್ನುವುದೂ ಸೇರಿದೆ ಎಂದು ನನಗೆ ಮೊದಲು ಹೊಳೆದದ್ದು ಆಗ.

ಕೊಡದೆ ಇರುವುದು ಹೇಗೋ ಅಭ್ಯಾಸವಾಯಿತು. ಕೊಡಲೇಬೇಕಾದದ್ದು ನಮ್ಮಲ್ಲಿ ಇರಲಿಲ್ಲ. ಹೂಜಿ ಗಿಡಗಳಲ್ಲಿ ತಗ್ಗುನಾಡಿನವು, ಬೆಟ್ಟದವು ಎಂದು ಎರಡು ಬಗೆ. ಸುಮಾರು 1,000 ಮೀಟರಿಗಿಂತ ಮೇಲೆ ಬೆಳೆಯುವ ಬೆಟ್ಟದವಕ್ಕೆ ಹಗಲು 25 ಡಿಗ್ರಿಯ ಆಸುಪಾಸು, ರಾತ್ರಿ 10ರಿಂದ 15 ಡಿಗ್ರಿ ಬೇಕು. ಹಗಲಿನ ಬಿಸಿಲನ್ನಾದರೂ ತಡೆದಾವು, ರಾತ್ರಿಯ ತಂಪು ಇಲ್ಲದೆ ದಿನೇದಿನೇ ಸೊರಗುತ್ತವೆ. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದಲ್ಲಿದೆ. ತಂಪಿನ ಊರೆಂದು ನಾವು ಹೇಳಿಕೊಳ್ಳುವುದೂ ನಿಜವೇ. ಆದರೂ ಏಪ್ರಿಲ್ ತಿಂಗಳ ರಾತ್ರಿಯಲ್ಲಿ ಇಲ್ಲಿ 20 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ.

ಹುಡುಗ ಜಾಣ. ಥರ್ಮಾಕೋಲ್ ಪೆಟ್ಟಿಗೆ, ಒಂದು ಸಣ್ಣ ಫ್ಯಾನು, ನೀರು ತುಂಬಿ ಫ್ರೀಜರಿನಲ್ಲಿ ಗಟ್ಟಿಮಾಡಿದ ಬಾಟಲಿಗಳು, ಇಷ್ಟರಲ್ಲೇ ಒಂದು ಬೆಟ್ಟವನ್ನು ಕಟ್ಟಿದ. ರಾತ್ರಿ ಒಂಬತ್ತಕ್ಕೆ ಬಾಟಲಿ ಇಡಬೇಕು, ಬೆಳಿಗ್ಗೆ ತೆಗೆದು ಮತ್ತೆ ಫ್ರೀಜರಿಗೆ ಹಾಕಬೇಕು. ಗಿಡ ಚೇತರಿಸಿಕೊಂಡು ಕೆಂಪು ಅಂಚಿನ ಹೂಜಿಯನ್ನೂ ಬಿಟ್ಟಿತು. ಆದರೆ ವಾರದಲ್ಲಿ ಮೂರು ದಿನ ಅವನು ಬೆಂಗಳೂರಿನಲ್ಲಿರುತ್ತಿದ್ದ. ಆ ರಾತ್ರಿಗಳಲ್ಲಿ ಮಂಡಿನೋವಿನ ತಂಗಿ ಬಾಟಲಿ ಹಿಡಿದು ಮಹಡಿ ಮೆಟ್ಟಿಲು ಹತ್ತುತ್ತಿದ್ದಳು. ಕೆಳಗಿನ ಕೋಣೆಯಲ್ಲಿ ಅತ್ತೆಯವರು ಸೆಕೆಗೆ ನಿದ್ದೆ ಬಾರದೆ ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಹವ್ಯಾಸ ಒಬ್ಬರದು, ನೀರು ಹಾಕುವ ಕೈ ಇನ್ನೊಬ್ಬರದು. ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟುಕೊಂಡವರನ್ನು, ನಾಯಿ ತಂದವರನ್ನು ಕೇಳಿ ನೋಡಿ. ತಂದವರು ಯಾರು, ತೊಳೆಯುವವರು ಯಾರು ಎಂಬ ಪ್ರಶ್ನೆಗೆ ಒಂದೇ ಉತ್ತರ ಬರುವ ಮನೆ ಎಷ್ಟಿವೆ?

ನಾನು ಈ ಮಾತೆತ್ತಿದಾಗ ಹುಡುಗ ಸುಮ್ಮನಿರಲಿಲ್ಲ. ‘ದೊಡ್ಡಮ್ಮ, ಕಾಡೇ ಹೋಗ್ತಿರೋವಾಗ ಮನೇಲಾದ್ರೂ ಉಳೀಲಿ ಬಿಡಿ’ ಎಂದ. ಅದರಲ್ಲಿ ಹುರುಳಿಲ್ಲದಿಲ್ಲ. ಭಾರತದಲ್ಲಿ ಸಹಜವಾಗಿ ಬೆಳೆಯುವ ಹೂಜಿ ಗಿಡ ಒಂದೇ ಜಾತಿ, ಮೇಘಾಲಯದ ಖಾಸಿ, ಜೈಂತಿಯಾ, ಗಾರೋ ಬೆಟ್ಟಗಳ ‘ನೆಪೆಂಥಿಸ್ ಖಾಸಿಯಾನ’. ಗಾರೋ ಜನ ಅದನ್ನು ದೆವ್ವದ ಬುಟ್ಟಿ ಎನ್ನುತ್ತಾರೆ. ತಂಗಿಯ ಅತ್ತೆಯವರಿಗೆ ಈ ಹೆಸರು ಬಹಳ ಒಪ್ಪಿಗೆಯಾಯಿತು. ಜನ ಕಿತ್ತು ಮಾರಿದ್ದರಿಂದ, ಗಣಿಯಿಂದ, ಕಾಡು ಕಡಿದದ್ದರಿಂದ ಅದು ಅಳಿವಿನ ಅಂಚಿಗೆ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಿದ್ದುಪಡಿಯಾದಾಗ ರಕ್ಷಣೆಯ ಪಟ್ಟಿಗೆ ಸೇರಿದ ಆರು ಬಗೆಯ ಗಿಡಗಳಲ್ಲಿ ಅದೂ ಒಂದು. ಇಂಥ ಗಿಡವನ್ನು ಕಾಡಿನಿಂದ ಕೀಳದೆ ಪ್ರಯೋಗಶಾಲೆಯ ಸಸಿಯನ್ನೇ ಕೊಳ್ಳುವವನು ಕಳ್ಳನಲ್ಲ. ಅಷ್ಟನ್ನು ನಾನು ಒಪ್ಪಿದೆ.

ಆದರೆ ಕುಂಡದಲ್ಲಿ ಉಳಿದದ್ದು ಕಾಡಿನಲ್ಲಿ ಉಳಿದಂತೆಯೇ? ಬೋರ್ನಿಯೋ ಬೆಟ್ಟಗಳಲ್ಲಿ ‘ಲೋವಿಯೈ’ ಎಂಬ ಹೂಜಿ ಗಿಡವಿದೆ. ಬಲಿತ ಗಿಡದ ಹೂಜಿ ಹುಳುಗಳನ್ನು ಅಷ್ಟಾಗಿ ನೆಚ್ಚುವುದಿಲ್ಲ. ಅಳಿಲಿನಂಥ ಒಂದು ಪುಟ್ಟ ಪ್ರಾಣಿ ಅದರ ಮೇಲೆ ಕೂತು ಮುಚ್ಚಳದ ರಸವನ್ನು ನೆಕ್ಕುತ್ತ ಹಿಕ್ಕೆಯನ್ನು ಹೂಜಿಯೊಳಗೇ ಹಾಕುತ್ತದೆ. ಗಿಡಕ್ಕೆ ಬೇಕಾದ ಸಾರಜನಕದಲ್ಲಿ ಅರ್ಧಕ್ಕೂ ಹೆಚ್ಚು ಬರುವುದು ಅದರಿಂದಲೇ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಗಿಡವನ್ನು ಕುಂಡದಲ್ಲಿ ತರಬಹುದು. ಅದರ ನೆರೆಹೊರೆಯನ್ನು ಯಾವ ಕೊರಿಯರಿನವನೂ ತಂದುಕೊಡಲಾರ.

ಹಾಗೆಂದು ಹೊರಗಿನಿಂದ ಏನನ್ನೂ ತರಬಾರದು ಎಂದು ನಾನು ಹೇಳುವುದಿಲ್ಲ. ನಮ್ಮ ಹಿತ್ತಿಲ ಸೀಬೆ, ಅಡಿಗೆಮನೆಯ ಮೆಣಸಿನಕಾಯಿ, ಆಲೂಗಡ್ಡೆ ಎಲ್ಲವೂ ಕಡಲು ದಾಟಿ ಬಂದವೇ. ಮದುವೆಯಾಗಿ ಈ ಬೀದಿಗೆ ಬಂದ ನಾವೂ ಬೇರೆ ಊರಿನ ಹವೆಯವರೇ. ಎಲ್ಲಿಂದ ತಂದೆವು ಎಂಬುದಕ್ಕಿಂತ, ಅದಕ್ಕೆ ಬೇಕಾದದ್ದನ್ನು ಇನ್ನೊಬ್ಬರ ಪಾಲಿನಿಂದ ಕಿತ್ತುಕೊಳ್ಳದೆ, ಅದು ಬದುಕಿರುವಷ್ಟು ದಿನವೂ ಕೊಡಬಲ್ಲೆವೇ ಎಂಬುದು ದೊಡ್ಡ ಪ್ರಶ್ನೆ. ಸಾಕುವುದೆಂದರೆ ಮಾತು ಕೊಟ್ಟ ಹಾಗೆ. ಒಬ್ಬರು ಕೊಟ್ಟ ಮಾತನ್ನು ಇನ್ನೊಬ್ಬರ ಮಂಡಿ ನಡೆಸಿಕೊಡಬೇಕಾದರೆ, ಆ ಮಾತು ಕೊಡುವ ಹಕ್ಕು ನಮಗಿತ್ತೇ?

ಹುಡುಗ ಒಳ್ಳೆಯವನು. ಯೋಚಿಸಿ, ಮಳೆಗಾಲಕ್ಕೆ ಮೊದಲೇ ಗಿಡವನ್ನು ಮಡಿಕೇರಿಯಲ್ಲಿರುವ ಗೆಳೆಯನ ಮನೆಗೆ ಸಾಗಿಸಿದ. ಆ ಊರು 1,100 ಮೀಟರಿಗಿಂತ ಎತ್ತರದಲ್ಲಿದೆ, ಅಲ್ಲಿನ ರಾತ್ರಿ ನಮ್ಮದಕ್ಕಿಂತ ತಂಪು. ನಮ್ಮ ಹವೆಯನ್ನು ತಾಳುವ ಮಿಶ್ರತಳಿಯ ಹೂಜಿ ಗಿಡವೊಂದನ್ನು ತಂದು ಹಿತ್ತಿಲ ಸೂರಿನಡಿ ತೂಗುಹಾಕಿದ. ಅದಕ್ಕೆ ಐಸೂ ಬೇಡ, ಫ್ಯಾನೂ ಬೇಡ. ಎಲ್ಲರಿಗೂ ನ್ಯಾಯ ಸಿಕ್ಕಿತು ಎಂದುಕೊಂಡು ನಾನು ತಂಗಿಯ ಮನೆಗೆ ಹೋದೆ. ಅವಳು ಹುಣಿಸೆಹಣ್ಣು ಬಿಡಿಸುತ್ತ ಕೂತಿದ್ದಳು. ‘ಇನ್ನು ರಾತ್ರಿ ಮೆಟ್ಟಿಲು ಹತ್ತೋದು ತಪ್ಪಿತಲ್ಲೇ’ ಎಂದೆ. ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ ತಲೆ ಎತ್ತದೆ, ‘ಹೌದಕ್ಕ. ಆದ್ರೆ ಕಳಿಸೋ ಮುಂಚೆ ನನ್ನನ್ನ ಒಂದು ಮಾತು ಕೇಳಬಹುದಿತ್ತು’ ಎಂದಳು.

ತರುವಾಗ ಯಾರೂ ಅವಳನ್ನು ಕೇಳಿರಲಿಲ್ಲ. ಕಳಿಸುವಾಗಲೂ ಕೇಳಲಿಲ್ಲ. ನಡುವಿನ ಅಷ್ಟೂ ರಾತ್ರಿ ಅದನ್ನು ಉಳಿಸಿದ ಕೈ ಅವಳದು. ಹುಡುಗನಿಗೆ ಗಿಡದ ಕಷ್ಟ ತಿಳಿಯಿತು, ಅಮ್ಮನ ಮಂಡಿಯ ಕಷ್ಟವೂ ತಿಳಿಯಿತು. ಆ ಗಿಡ ಅಮ್ಮನದೂ ಆಗಿತ್ತು ಎಂಬುದು ಮಾತ್ರ ತಿಳಿಯಲಿಲ್ಲ. ಅವಳ ಹೊರೆಯನ್ನು ಇಳಿಸುವುದೇ ಅವಳಿಗೆ ಮಾಡುವ ಉಪಕಾರ ಎಂದು ನಾವೆಲ್ಲ ತಿಳಿದಿರುತ್ತೇವೆ. ಗಿಡಕ್ಕೆ ಸಾಕಾಯಿತೇ ಎಂದು ಎಲೆ ನೋಡಿ ತಿಳಿಯಬಹುದು. ಸಾಕಿದವಳಿಗೆ ಸಾಕಾಯಿತೇ ಎಂಬುದನ್ನು ಅವಳನ್ನೇ ಕೇಳಬೇಕು.